ಅಣ್ಣನ ಪಾಲಿನ ಹತ್ತಿ

ಬೆಳಗಿನ ಚಹಾದ ಹೊತ್ತಿಗೆ ಹರಿಹರಕ್ಕೆ ಸುದ್ದಿ ಬಂತು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅಲ್ಲಾಬಕ್ಷ್ ನಸುಕಿನ ಫಜರ್ ನಮಾಜು ಮುಗಿಸಿ ಕೂತಲ್ಲೇ ಹೋಗಿಬಿಟ್ಟಿದ್ದ. ಅವನ ಮಗಳು ಫಿಜಾ ಫೋನಿನಲ್ಲಿ ಅಳುತ್ತಲೇ ಹೇಳಿದಳು: "ಕಾಕಾ, ಮಧ್ಯಾಹ್ನ ಜೊಹರ್ ನಮಾಜ್ ಆದ್ಮ್ಯಾಲೆ ಮಣ್ಣು. ಬಿಲ್ಲು ತಗೊಂಡು ಲಗೂನ ಬರ್ರಿ."

ತಮ್ಮ ಸೈಫುಲ್ಲಾ ಗೋಡೆಯ ಮೇಲಿನ ಹತ್ತಿ ಹಿಂಜುವ ಬಿಲ್ಲನ್ನು ನೋಡಿದ. ಆಮೇಲೆ ತನ್ನ ಬಲಗೈಯನ್ನು ನೋಡಿದ. ಲಕ್ವ ಹೊಡೆದು ಎರಡು ವರ್ಷ. ಆ ಕೈ ಚಹಾದ ಲೋಟವನ್ನೂ ಎತ್ತುತ್ತಿರಲಿಲ್ಲ.

ಪಿಂಜಾರರ ಮನೆತನ ಅದು. ಮಷಿನ್ ಬಂದು ಬಿಲ್ಲು ಮೂಲೆ ಸೇರಿದ ಮೇಲೂ, ಯಾರೇ ತೀರಿಕೊಳ್ಳಲಿ, ಹೆಣಕ್ಕೆ ಹೊದಿಸುವ ಕಫನಿನೊಳಗೆ ಇಡುವ ಹತ್ತಿಯನ್ನು ಅಲ್ಲಾಬಕ್ಷ್ ಬಿಲ್ಲಿನಲ್ಲೇ ಹಿಂಜಿ ಕೊಡುತ್ತಿದ್ದ. ಹೋದ ತಿಂಗಳು ಹರಿಹರದ ಒಂದು ಸಾವಿಗೆ ಬಂದವನು ಬಿಲ್ಲನ್ನು ತಮ್ಮನ ಮನೆಯಲ್ಲೇ ಬಿಟ್ಟುಹೋಗಿದ್ದ. "ನನ್ನ ಹತ್ತಿ ನಿನ್ನ ಕೈಯಿಂದಲೇ ಆಗ್ಬೇಕಪ್ಪಾ," ಎಂದು ಹಿಂದೊಮ್ಮೆ ತಮ್ಮನಿಂದ ಮಾತು ತೆಗೆದುಕೊಂಡಿದ್ದ. ತಮ್ಮನಿಗೆ ಲಕ್ವ ಹೊಡೆದ ಮೇಲೆ ಅಣ್ಣ ಆ ಮಾತು ಎತ್ತಲೇ ಇಲ್ಲ. ಎತ್ತದೇ ಇದ್ದದ್ದೇ ಸೈಫುಲ್ಲಾನ ಎದೆ ಕೊರೆಯುತ್ತಿತ್ತು.

ಬಸ್ಸಿನಲ್ಲಿ ಆಳುದ್ದದ ಬಿಲ್ಲು ಕಂಡು ಕಂಡಕ್ಟರ್ ನಕ್ಕ. "ಏನ್ ಸಾಬ್ರೆ, ಯಾವ ಕಾಡಿಗೆ ಬ್ಯಾಟಿಗೆ ಹೊಂಟೀರಿ?"

"ಅಣ್ಣನ ಮಣ್ಣಿಗೆ."

ಕಂಡಕ್ಟರ್ ಎದ್ದು ತನ್ನ ಸೀಟು ಬಿಟ್ಟುಕೊಟ್ಟ.

ನಿಟ್ಟುವಳ್ಳಿಯ ಹಿತ್ತಲಲ್ಲಿ ಚಾಪೆ ಹಾಸಿ, ಹಿಂಜದ ಹತ್ತಿ ಇಟ್ಟಿದ್ದರು. ಸೈಫುಲ್ಲಾ ಎಡಗೈಯಲ್ಲಿ ಬಿಲ್ಲು ಹಿಡಿದು ಅದರ ನರದ ಹುರಿಯನ್ನು ಹತ್ತಿಗೆ ತಾಗಿಸಿದ. ಹುರಿಗೆ ಹೊಡೆಯುವ ಮರದ ಕೊಡತಿಯನ್ನು ಮೊದಲೇ ಬಲಗೈಗೆ ಟವೆಲಿನಿಂದ ಬಿಗಿಸಿಕೊಂಡಿದ್ದ. ಕೊಡತಿ ಹುರಿಯನ್ನು ಮುಟ್ಟದೆ ಕೈಸಮೇತ ನೆಲಕ್ಕೆ ಬಿತ್ತು. ಇನ್ನೊಮ್ಮೆ. ಮತ್ತೊಮ್ಮೆ. ಒಳಗೆ ಅಣ್ಣನ ಮೈತೊಳೆಯುವ ನೀರಿನ ಸದ್ದು ಕೇಳುತ್ತಿತ್ತು.

ನೆರೆಮನೆಯ ತಾರಿಕ್ ಬಾಗಿಲಿಗೆ ಬಂದ. "ಅಂಗಡಿ ಹತ್ತಿ ತಂದೀವಿ, ಬಿಡ್ರಿ ಚಾಚಾ. ಹೊತ್ತಾತು."

"ಬ್ಯಾಡ!" ಸೈಫುಲ್ಲಾ ಚೀರಿದ. "ಯಾ ಅಲ್ಲಾಹ್, ಒಂದು ಗಳಿಗೆ ಈ ಕೈ ಕೊಡು. ಆಮ್ಯಾಲೆ ಎರಡೂ ತಗೊಂಬಿಡು!"

ಕೈ ಬರಲಿಲ್ಲ. ಒಳಗೆ ನೀರಿನ ಸದ್ದು ನಿಂತಿತು.

ಫಿಜಾ ಬಂದು ಟವೆಲು ಬಿಚ್ಚಿ ಕೊಡತಿ ತೆಗೆದುಕೊಂಡಳು. "ಬಿಲ್ಲು ನೀವು ಹಿಡೀರಿ. ಹೊಡೆಯೋದು ನಾನು."

"ನಿಂಗೆ ಬರಾಂಗಿಲ್ಲವ್ವಾ. ಅವನು ನನ್ನ ಕೈ ಕೇಳಿದ್ದ."

"ಎಡಗೈ ಯಾರ್ದು ಮತ್ತೆ?"

ಮೊದಲ ಏಟಿಗೆ ಹುರಿ ಬರೀ ತಡವರಿಸಿತು. ಹತ್ತನೆಯದೋ ಹದಿನೈದನೆಯದೋ ಏಟಿಗೆ ಆ ಮನೆಯ ಹಳೆಯ ಝೇಂಕಾರ ಎದ್ದಿತು. ಸಿಕ್ಕಿದ್ದು ಒಂದೇ ಹಿಡಿ ಹತ್ತಿ, ನಡುನಡುವೆ ಗಂಟು. ಅಣ್ಣ ಇದ್ದಿದ್ದರೆ ಬೈದು ಮತ್ತೆ ಹಿಂಜಿಸುತ್ತಿದ್ದ. ಅಷ್ಟರಲ್ಲಿ ಮಸೀದಿಯಿಂದ ಜೊಹರ್ ಅಜಾನ್ ಕೇಳಿತು.

ಸೈಫುಲ್ಲಾ ಅದನ್ನೇ ಒಯ್ದು ಅಣ್ಣನ ಎದೆಯ ಮೇಲಿಟ್ಟ.

"ಯಾ ಅಲ್ಲಾಹ್, ಎಲ್ಲರ ಕಡೇ ಹಾಸಿಗೆ ಮೆತ್ತಗೆ ಮಾಡಿದವನು ಇವನು. ನಮ್ಮ ಗಂಟು ನಮಗಿರಲಿ. ಇವನ ಗೋರಿ ಮೆತ್ತಗೆ ಮಾಡು, ಅಲ್ಲಿ ಬೆಳಕಿಡು, ಇವನಿಗೆ ಶಾಂತಿ ಕೊಡು. ಆಮೀನ್."