ಅಮ್ಮನ ಪಕ್ಕದ ಮಿಷನ್

ಮಗಳನ್ನು ಹೊಲಿಗೆ ಅಂಗಡಿಗೆ ಕರೆದುಕೊಂಡು ಹೋದವಳು ತಾಯಿಯೇ. ಯಾರ ಒತ್ತಾಯವೂ ಇರಲಿಲ್ಲ, ಮನೆಯಲ್ಲಿ ಅಂಥ ತಾಪತ್ರಯವೂ ಇರಲಿಲ್ಲ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವಳು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕಾಲರ್ ಕೂರಿಸುತ್ತಿದ್ದಳು. ಅಂಗಿಯ ಕೆಲಸದಲ್ಲಿ ಕಾಲರ್ ಕೂರಿಸುವುದೇ ನಾಜೂಕಿನದು. ಒಂದು ಎಳೆ ಆಚೀಚೆಯಾದರೂ ಇಡೀ ಅಂಗಿ ಮುಖ ಸೊಟ್ಟ ಮಾಡಿದಂತೆ ಕಾಣುತ್ತದೆ. ಆ ಕೆಲಸಕ್ಕೆ ಅವಳೇ ಆಗಬೇಕು ಎಂಬ ಮಾತು ಅಂಗಡಿಯಲ್ಲಿತ್ತು, ಆ ಮಾತಿನ ಮೇಲೆ ಅವಳಿಗೆ ಸಣ್ಣ ಜಂಬವೂ ಇತ್ತು.

ಮಗಳಿಗೆ ಹದಿನೈದು. ಹತ್ತನೇ ತರಗತಿ. ಚಿಕ್ಕವಳಿದ್ದಾಗ ಲೆಕ್ಕದಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ದೊಡ್ಡ ಶಾಲೆಗೆ ಸೇರಿದ ಮೇಲೆ ಏನಾಯಿತೋ, ಹುಡುಗಿ ಮಂಕಾದಳು. ಶಾಲೆಯಿಂದ ಬಂದವಳು ಚೀಲವನ್ನು ಮೂಲೆಗೆ ಎಸೆದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ವಿಷಯ ಹೋಯಿತು. ಸೋಮಾರಿತನ ಎಂದು ತಾಯಿ ತೀರ್ಮಾನಿಸಿದಳು. ಅವಳು ಏಳನೇ ತರಗತಿಗೇ ಶಾಲೆ ಬಿಟ್ಟು ಮಿಷನ್ ಮುಂದೆ ಕೂತವಳು. ಓದದಿದ್ದರೆ ಬದುಕು ಹೇಗಿರುತ್ತದೆ ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ಇನ್ನು ಹೇಳಿ ಪ್ರಯೋಜನವಿಲ್ಲ, ತೋರಿಸಿಯೇ ಬಿಡಬೇಕು ಎನ್ನಿಸಿತು. ಶಾಲೆ ಮುಗಿದ ಮೇಲೆ ದಿನಕ್ಕೆರಡು ಗಂಟೆ ಅಂಗಡಿಯಲ್ಲಿ ಕೂರಿಸಿದರೆ ಮೂರು ತಿಂಗಳಲ್ಲಿ ಬುದ್ಧಿ ಬರುತ್ತದೆ, ಪುಸ್ತಕ ತಾನಾಗಿಯೇ ಕೈಗೆ ಬರುತ್ತದೆ ಎಂಬುದು ಅವಳ ಲೆಕ್ಕಾಚಾರ.

ಗಂಡ ಒಪ್ಪಲಿಲ್ಲ. ಅವನು ಹೆಚ್ಚು ಮಾತಿನವನಲ್ಲ. ಊಟಕ್ಕೆ ಕೂತಾಗ, ಓದೋ ಮಕ್ಕಳಿಗೆ ಕೆಲಸದ ರುಚಿ ಹತ್ತಿಸಬೇಡ, ಹತ್ತಿದರೆ ಬಿಡಿಸೋದು ಕಷ್ಟ ಎಂದ. ಕಾಲರ್ ಕೂರಿಸೋದರಲ್ಲಿ ಎಂಥ ರುಚಿ ಇದೆ ರೀ ಎಂದು ಅವಳು ನಕ್ಕಳು. ಮರುದಿನವೇ ಅಂಗಡಿಯ ಯಜಮಾನಿಯ ಹತ್ತಿರ ಗುಟ್ಟಾಗಿ ಮಾತಾಡಿದಳು. ಹುಡುಗಿಗೆ ಎಲ್ಲಕ್ಕಿಂತ ಬೇಸರದ ಕೆಲಸವನ್ನೇ ಕೊಡಬೇಕು, ಹೊಗಳಬಾರದು. ಯಜಮಾನಿ ಗಟ್ಟಿಗಿತ್ತಿ, ಆದರೆ ಒಳ್ಳೆಯ ಹೆಂಗಸು. ನಿನ್ನಂಥ ತಾಯಿಯನ್ನು ಎಲ್ಲೂ ಕಾಣೆ ಕಣೇ ಎಂದು ತಲೆಯಾಡಿಸಿ ಒಪ್ಪಿದಳು.

ಮೊದಲ ಎರಡು ವಾರ ಎಲ್ಲ ಅಂದುಕೊಂಡಂತೆಯೇ ನಡೆಯಿತು. ಹುಡುಗಿ ತಾಯಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಹೊಲಿದ ಅಂಗಿಗಳ ಉಳಿದ ದಾರ ಕತ್ತರಿಸಿದಳು, ಗುಂಡಿ ವಿಂಗಡಿಸಿದಳು, ಇಸ್ತ್ರಿಯ ಬಿಸಿಗೆ ಮುಖ ಕೆಂಪಗೆ ಮಾಡಿಕೊಂಡಳು. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದ ದಿನ ತಾಯಿಗೆ ಒಳಗೊಳಗೇ ಸಮಾಧಾನವಾಯಿತು. ಮರುಗಳಿಗೆಗೆ, ಹೆತ್ತ ಮಗಳ ರಕ್ತ ನೋಡಿ ಖುಷಿಪಟ್ಟೆನಲ್ಲಾ ಎಂದು ನಾಚಿಕೆಯೂ ಆಯಿತು.

ಆಮೇಲೆ ಒಂದು ದಿನ ಹುಡುಗಿ ಎದ್ದು ಹೋಗಿ ಬಟ್ಟೆ ಕತ್ತರಿಸುವ ಮೇಜಿನ ಹತ್ತಿರ ನಿಂತಳು. ಅಲ್ಲಿ ಕೆಲಸ ಮಾಡುವ ಮುದುಕನನ್ನು ಎಲ್ಲರೂ ಕತ್ತರಿ ಮಾಮ ಎನ್ನುತ್ತಿದ್ದರು. ಥಾನಿನ ಬಟ್ಟೆ ಹರಡಿ, ಅದರ ಮೇಲೆ ಅಂಗಿಯ ಭಾಗಗಳ ರಟ್ಟಿನ ಅಚ್ಚುಗಳನ್ನಿಟ್ಟು ಸುಣ್ಣದ ಬಿಲ್ಲೆಯಿಂದ ಗೆರೆ ಎಳೆಯುವುದು ಅವನ ಕೆಲಸ. ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ತೋಳಿನ ಅಚ್ಚನ್ನು ತಲೆಕೆಳಗು ಮಾಡಿ ಬೆನ್ನಿನ ಭಾಗಕ್ಕೆ ಒತ್ತಿಟ್ಟರೆ ಇಷ್ಟು ಬಟ್ಟೆ ಉಳಿಯುತ್ತದಲ್ಲವೇ ಎಂದು ಮೆಲ್ಲಗೆ ಕೇಳಿದಳು. ನಲವತ್ತು ವರ್ಷ ಕತ್ತರಿ ಹಿಡಿದವನಿಗೆ ಸಿಟ್ಟು ಬಂತು. ಹಾಗಾದರೆ ಇಟ್ಟು ತೋರಿಸು ಎಂದ. ಅವಳು ಇಟ್ಟು ತೋರಿಸಿದಳು. ಇಪ್ಪತ್ತು ಅಂಗಿಯ ಬಟ್ಟೆಯಲ್ಲಿ ಇಪ್ಪತ್ತೊಂದು ಬಂತು. ಕತ್ತರಿ ಮಾಮ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ. ಆಮೇಲೆ ಸುಣ್ಣದ ಬಿಲ್ಲೆಯನ್ನು ಅವಳ ಕೈಯಲ್ಲಿಟ್ಟ.

ಹೊಗಳುವುದಿಲ್ಲ ಎಂದು ಮಾತು ಕೊಟ್ಟಿದ್ದ ಯಜಮಾನಿಯೇ ಅಂಗಡಿಯೆಲ್ಲ ಕೇಳುವ ಹಾಗೆ ಹೊಗಳಿದಳು. ಆ ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಹುಡುಗಿ ಮಾತಾಡಿದಳು. ಎರಡು ವರ್ಷದ ಮಾತನ್ನು ಕೂಡಿಟ್ಟುಕೊಂಡವಳ ಹಾಗೆ ಮಾತಾಡಿದಳು. ತಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಲ್ಲಿಂದ ಎರಡು ಗಂಟೆ ಮೂರಾಯಿತು, ಶನಿವಾರ ಇಡೀ ದಿನವಾಯಿತು. ತಾಯಿಯ ಪಕ್ಕದ ಮಿಷನ್ ಖಾಲಿಯಿತ್ತು, ಹುಡುಗಿ ಅದರಲ್ಲೂ ಕೈ ಹೊಂದಿಸಿಕೊಂಡಳು. ಬೇಡ ಎನ್ನಲು ತಾಯಿಗೆ ಬಾಯಿ ಬರಲಿಲ್ಲ. ಹುಡುಗಿ ಹೊಟ್ಟೆ ತುಂಬ ಉಣ್ಣುತ್ತಿದ್ದಳು, ಅಪ್ಪನ ಹತ್ತಿರ ತಮಾಷೆ ಮಾಡುತ್ತಿದ್ದಳು. ಪುಸ್ತಕ ಮಾತ್ರ ಕೈಗೆ ಬರಲಿಲ್ಲ.

ಒಂದು ಮಧ್ಯಾಹ್ನ ಶಾಲೆಯ ಗಣಿತದ ಟೀಚರ್ ಅಂಗಡಿಗೇ ಬಂದರು. ಹುಡುಗಿ ಹನ್ನೊಂದು ದಿನ ಶಾಲೆಗೆ ಬಂದಿಲ್ಲ ಎಂದರು. ತಾಯಿ ಮಿಷನ್ ನಿಲ್ಲಿಸಿದಳು. ಆ ಹನ್ನೊಂದು ದಿನವೂ ಮಗಳು ಶಾಲೆ ಬೇಗ ಬಿಟ್ಟಿತು ಎಂದು ಹೇಳಿ ಅಂಗಡಿಗೆ ಬಂದು, ತನ್ನ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದಳು. ಟೀಚರ್ ಕೂಗಾಡಲಿಲ್ಲ. ಅವರಿಗೂ ಬೇಸರವಾಗಿತ್ತು.

"ಕೆಲಸ ಮಾಡಬಾರದು ಅಂತ ನಾನು ಹೇಳಲ್ಲ. ನಾನೂ ಓದ್ತಾ ಓದ್ತಾ ಔಷಧಿ ಅಂಗಡೀಲಿ ನಿಂತವಳೇ. ಆದ್ರೆ ನಂಗೆ ಕ್ಲಾಸಲ್ಲಿ ಒಂದು ಜಾಗ ಇತ್ತು, ಅಲ್ಲಿಗೆ ವಾಪಸ್ ಹೋಗಬೇಕು ಅನ್ನಿಸ್ತಿತ್ತು. ಇವಳಿಗೆ ಆ ಜಾಗ ನಾವು ಉಳಿಸಲಿಲ್ಲ. ಒಂದೇ ಕ್ಲಾಸಲ್ಲಿ ಎಪ್ಪತ್ತು ಮಕ್ಕಳು, ಯಾರನ್ನ ಅಂತ ನೋಡಲಿ."

ಸಂಜೆ ತಾಯಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದಳು. ಹೊಡೆಯಬೇಕೆಂದೇ ಕೂರಿಸಿಕೊಂಡದ್ದು, ಕೈ ಏಳಲಿಲ್ಲ. ಹುಡುಗಿ ತಲೆ ತಗ್ಗಿಸಿಕೊಂಡು ಹೇಳಿದಳು: "ಅಲ್ಲಿ ನಾನು ಬಂದಿದ್ರೂ ಒಂದೇ, ಬರದಿದ್ರೂ ಒಂದೇ ಅಮ್ಮ. ಇಲ್ಲಿ ಹತ್ತು ನಿಮಿಷ ತಡವಾದ್ರೆ ಯಾಕೆ ಅಂತ ಕೇಳ್ತಾರೆ."

ಇಷ್ಟು ದಿನ ತಾನು ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ ಎಂದು ತಾಯಿಗೆ ಹೊಳೆಯಿತು. ಅಂಕ ಎಷ್ಟು ಎಂದು ಕೇಳಿದ್ದಳು, ಹೋಂವರ್ಕ್ ಆಯಿತೇ ಎಂದು ಕೇಳಿದ್ದಳು. ಆದರೂ ಗಟ್ಟಿ ಮನಸ್ಸು ಮಾಡಿದಳು. ಪರೀಕ್ಷೆಗೆ ಒಂದು ತಿಂಗಳಿತ್ತು. ಪರೀಕ್ಷೆ ಮುಗಿಯುವವರೆಗೆ ಹುಡುಗಿಯನ್ನು ಒಳಗೆ ಬಿಡಬೇಡಿ ಎಂದು ಯಜಮಾನಿಯನ್ನು ಬೇಡಿಕೊಂಡಳು. ನೀನೇ ತಂದು ಕೂರಿಸಿದೆ, ಈಗ ನೀನೇ ಎಬ್ಬಿಸ್ತೀಯ ಎಂದು ಯಜಮಾನಿ ಗೊಣಗಿದಳು, ಆದರೆ ಮಾತು ನಡೆಸಿದಳು. ಮಗಳು ಎದುರಾಡದೆ ಮನೆಯಲ್ಲಿ ಉಳಿದಳು. ಟೀಚರ್ ಮನೆಗೆ ಕರೆಸಿಕೊಂಡು ಪಾಠ ಹೇಳಿಕೊಟ್ಟರು. ಲೆಕ್ಕ ಅವಳಿಗೆ ಮರೆತಿರಲಿಲ್ಲ, ಒಂದೇ ವಾರದಲ್ಲಿ ಹಳೆಯ ಹುಡುಗಿಯಾದಳು.

ಅದೇ ತಿಂಗಳು ತಾಯಿಯ ಕಾಲರುಗಳು ವಾಪಸ್ ಬರತೊಡಗಿದವು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮೊದಲು ಹನ್ನೆರಡು ಅಂಗಿಯ ಕಟ್ಟು, ಆಮೇಲೆ ಇನ್ನೊಂದು. ಹೊಲಿಗೆ ಗೆರೆ ಬಿಟ್ಟು ಹೋಗಿತ್ತು. ಒಂದು ವರ್ಷದಿಂದ ಕಣ್ಣೆದುರು ತೆಳ್ಳಗೆ ಹೊಗೆ ಕಟ್ಟಿದಂತಾಗುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಂಗಡಿಯ ಟ್ಯೂಬ್‌ಲೈಟ್ ಹಳತಾಗಿದೆ ಎಂದುಕೊಂಡಿದ್ದಳು. ಕಣ್ಣು ತೋರಿಸಿಕೊಳ್ಳೇ ಎಂದು ಯಜಮಾನಿ ಹೇಳಿದಾಗ ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಕಣ್ಣು ಸರಿಯಿದೆ, ಬೆಳಕೇ ಸರಿಯಿಲ್ಲ ಎಂದಳು. ಕಟ್ಟುಗಳನ್ನು ಮನೆಗೆ ಹೊತ್ತು ತಂದು, ಭಾನುವಾರ ಕಿಟಕಿಯ ಹತ್ತಿರ ಕೂತು ಹೊಲಿಗೆ ಬಿಚ್ಚಿದಳು. ಮಗಳು ಪುಸ್ತಕ ಹಿಡಿದು ಎದುರಿಗೇ ಇದ್ದಳು.

ಗಣಿತ ಪರೀಕ್ಷೆಯ ದಿನ ಹುಡುಗಿ ಎಂಟೂವರೆಗೇ ಹೊರಟಳು. ಗೆಳತಿಯ ಜೊತೆ ಒಂದು ಸಲ ಓದಿಕೊಂಡು ಹೋಗ್ತೀನಿ ಎಂದಳು. ತಾಯಿ ಹಾಲ್ ಟಿಕೆಟ್, ಪೆನ್ನು, ಸ್ಕೇಲು ಎಲ್ಲ ಇದೆಯೇ ಎಂದು ನೋಡಿ ಕಳಿಸಿದಳು. ಅಂದು ಒಂದು ಶಾಲೆಯ ಅಂಗಿಗಳನ್ನು ಮಧ್ಯಾಹ್ನದೊಳಗೆ ಮುಗಿಸಿ ಕೊಡಬೇಕಿತ್ತು, ಹಿಂದಿನ ದಿನವಷ್ಟೇ ಇನ್ನೂ ಒಂದು ಕಟ್ಟು ವಾಪಸ್ ಬಂದಿತ್ತು, ರಾತ್ರಿ ಮನೆಯಲ್ಲಿ ಅವಳು ಅದನ್ನೇ ಗೊಣಗಿದ್ದಳು. ಹೆಚ್ಚು ಬೆಳಕಿನ ಬಲ್ಬು ತಾನೇ ತಂದು ಹಾಕಿಬಿಡೋಣ ಎಂದು ತಾಯಿ ದಾರಿಯಲ್ಲಿ ಎಲೆಕ್ಟ್ರಿಕ್ ಅಂಗಡಿಯ ಮುಂದೆ ನಿಂತಳು. ಅಂಗಡಿಯವನು ಬಾಗಿಲು ತೆಗೆದದ್ದು ತಡವಾಗಿ. ಬಲ್ಬು ಹಿಡಿದು ಅವಳು ಕೆಲಸಕ್ಕೆ ಬಂದಾಗ ಹತ್ತೂ ಕಾಲು.

ಅವಳ ಮಿಷನ್ನಿನ ಮುಂದೆ ಮಗಳು ಕೂತಿದ್ದಳು. ಶಾಲೆಯ ಸಮವಸ್ತ್ರದಲ್ಲೇ ಇದ್ದಳು. ಸರಿಮಾಡಿದ ಒಂಬತ್ತು ಅಂಗಿ ಒಂದು ಪಕ್ಕ, ಉಳಿದ ಮೂರು ಇನ್ನೊಂದು ಪಕ್ಕ.

ಯಜಮಾನಿ ಇನ್ನೂ ಬಂದಿರಲಿಲ್ಲ. ಪರೀಕ್ಷೆ ಮಧ್ಯಾಹ್ನ ಅಂತ ಹೇಳಿದಳಮ್ಮಾ ಎಂದು ಕತ್ತರಿ ಮಾಮ ಎದ್ದು ನಿಂತ. ತಾಯಿ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಮಗಳ ರಟ್ಟೆ ಹಿಡಿದು ಎಳೆದುಕೊಂಡು ರಸ್ತೆಗೆ ಬಂದಳು. ಪರೀಕ್ಷೆ ಹತ್ತಕ್ಕೇ ಶುರುವಾದರೂ ಹತ್ತೂವರೆಯವರೆಗೆ ಒಳಗೆ ಬಿಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಬಸ್ಸಿಗೆ ಕಾಯದೆ ಇಬ್ಬರೂ ಓಡಿದರು. ತಾಯಿ ರಸ್ತೆಯ ಅಂಚು ಸರಿಯಾಗಿ ಕಾಣದೆ ಎರಡು ಸಲ ಎಡವಿದಳು, ಎರಡು ಸಲವೂ ಮಗಳೇ ಹಿಡಿದುಕೊಂಡಳು.

ಗೇಟು ಮುಚ್ಚಿತ್ತು. ಕಾವಲುಗಾರ ಒಳ್ಳೆಯವನು, ಒಳಗೆ ಹೋಗಿ ಕೇಳಿಕೊಂಡು ಬಂದ. ದೂರದಿಂದಲೇ ತಲೆ ಅಲ್ಲಾಡಿಸಿದ. ಐದು ನಿಮಿಷ ಅಣ್ಣಾ, ಬರೀ ಐದು ನಿಮಿಷ ಎಂದು ತಾಯಿ ಕಂಬಿ ಹಿಡಿದುಕೊಂಡು ಬೇಡಿದಳು. ಅವನು ಬೇರೆ ಕಡೆ ನೋಡಿದ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕೂತರು. ತಾಯಿಗೆ ಏದುಸಿರು. ಮಗಳು ತನ್ನ ನೀರಿನ ಬಾಟಲಿ ಕೊಟ್ಟಳು.

"ಯಾಕೆ ಹೀಗೆ ಮಾಡ್ದೆ ಮರಿ?"

"ನೀನು ಬರೋದ್ರೊಳಗೆ ಮುಗಿಸಿ ಓಡೋಣ ಅಂದ್ಕೊಂಡಿದ್ದೆ. ಗಡಿಯಾರ ನೋಡಲಿಲ್ಲ."

"ನನ್ನ ಕಾಲರ್ ನಾನು ಮಾಡ್ಕೊಳ್ತಿರಲಿಲ್ವಾ?"

ಹುಡುಗಿ ಬಾಟಲಿ ವಾಪಸ್ ತೆಗೆದುಕೊಂಡಳು. "ನಾನು ಅಂಗಡಿಗೆ ಬರ್ತಿದ್ದಾಗ ಸೊಟ್ಟಗಾದದ್ದನ್ನ ದಿನಾ ನಾನೇ ಬಿಚ್ಚಿ ಹೊಲೀತಿದ್ದೆ ಅಮ್ಮ. ನೀನು ಕೈ ತೊಳೆಯೋಕೆ ಹೋದಾಗ, ಟೀ ಕುಡಿಯೋಕೆ ಎದ್ದಾಗ. ಶಾಲೆ ತಪ್ಪಿಸಿದ್ದೂ ಕೆಲವು ದಿನ ಅದಕ್ಕೇ."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಲೈಟಿನ ಮೇಲೆ ಹಾಕ್ತಿದ್ದೆ."

ತಾಯಿಯ ಕೈಯಲ್ಲಿ ಬಲ್ಬಿನ ಡಬ್ಬ ಇನ್ನೂ ಇತ್ತು. ಓಡುವಾಗಲೂ ಅದನ್ನು ಬಿಟ್ಟಿರಲಿಲ್ಲ. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಎರಡು ಬಸ್ಸು ಬಂದು ಹೋದವು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ನಾನು ಅವತ್ತೇ ಹೇಳಿದ್ದೆ ಎಂದು ಅವನು ಅನ್ನುತ್ತಾನೆಂದು ಕಾದಳು. ಅನ್ನಲಿಲ್ಲ. "ಮೂರು ಜನ ಒಂದೇ ಕೋಣೇಲಿ ಮಲಗಿ ಏಳ್ತೀವಿ. ಒಬ್ಬರದು ಒಬ್ಬರಿಗೆ ಗೊತ್ತಿಲ್ಲ" ಎಂದಷ್ಟೇ ಹೇಳಿ, ಡಿಪೋದ ಗ್ರೀಸು ಹತ್ತಿದ ತನ್ನ ಅಂಗೈಗಳನ್ನೇ ನೋಡುತ್ತ ಕೂತ. ಮರುದಿನ ರಜೆ ಹಾಕಿ ಅವಳನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ.

ಎರಡು ಕಣ್ಣಿಗೂ ಪೊರೆ ಬಂದಿತ್ತು. ನಲವತ್ತನಾಲ್ಕಕ್ಕೆ ಬರುವುದು ಅಪರೂಪ, ಆದರೆ ಹೆದರುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದರು. ಒಂದೊಂದು ಕಣ್ಣಿಗೆ ಅರ್ಧ ಗಂಟೆಯ ಕೆಲಸ. ಒಂದು ವರ್ಷದ ಹಿಂದೆಯೇ ಬಂದಿದ್ದರೆ ಆಗಲೇ ಮುಗಿದುಹೋಗುತ್ತಿತ್ತಲ್ಲಮ್ಮ ಎಂದರು. ಅವರು ಸಹಜವಾಗಿ ಹೇಳಿದ ಮಾತು. ಅವಳು ಅದನ್ನು ಎಷ್ಟೋ ತಿಂಗಳು ಮನಸ್ಸಿನಲ್ಲೇ ಹೊರಳಿಸಿದಳು.

ಎರಡನೇ ಕಣ್ಣಿಗೆ ಪಟ್ಟಿ ಕಟ್ಟಿದ್ದ ವಾರವೇ ಮರುಪರೀಕ್ಷೆ ಬಂತು. ಟೀಚರ್ ಅರ್ಜಿ ತುಂಬಿಸಿದ್ದರು. ಅಮ್ಮನ ಕಣ್ಣಿಗೆ ಔಷಧಿ ಬಿಡಬೇಕು, ಅಂಗಡಿಯಲ್ಲಿ ಅಮ್ಮನ ಕೆಲಸ ಯಾರಾದರೂ ನೋಡಬೇಕು ಎಂದು ಹುಡುಗಿ ಹೋಗಲಿಲ್ಲ. ಅಪ್ಪ ರಜೆ ಹಾಕುತ್ತೇನೆಂದ, ಯಜಮಾನಿ ಬೇರೆಯವರನ್ನು ಕೂರಿಸುತ್ತೇನೆಂದಳು. ಕೇಳಲಿಲ್ಲ. ನಿಜ ಏನೆಂದರೆ, ಆ ಗೇಟಿನ ಹತ್ತಿರ ಮತ್ತೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಮುಂದಿನ ವರ್ಷ ಖಂಡಿತ ಬರೀತೀನಿ ಎಂದು ಟೀಚರಿಗೆ ಮರ್ಯಾದೆಯಿಂದಲೇ ಹೇಳಿ ಕಳಿಸಿದಳು. ಆ ವರ್ಷ ಬರುವಷ್ಟರಲ್ಲಿ ಟೀಚರಿಗೆ ಬೇರೆ ಊರಿಗೆ ವರ್ಗವಾಗಿತ್ತು.

ತಾಯಿಗೆ ದೃಷ್ಟಿ ಮರಳಿತು. ಸೂಜಿಯ ಕಣ್ಣು ಚೊಕ್ಕವಾಗಿ ಕಾಣತೊಡಗಿತು. ಇನ್ನು ನಾನು ನೋಡ್ಕೋತೀನಿ, ನೀನು ಶಾಲೆಗೆ ಹೋಗು ಎಂದು ಅವಳು ಎಷ್ಟು ಸಲ ಹೇಳಿದಳೋ. ಮಗಳು ಬೇಡ ಎನ್ನುತ್ತಿರಲಿಲ್ಲ, ಹೂಂ ಎನ್ನುತ್ತಿದ್ದಳು. ಬೆಳಿಗ್ಗೆ ಎದ್ದು ಅಮ್ಮನ ಜೊತೆಗೇ ಅಂಗಡಿಗೆ ಹೊರಡುತ್ತಿದ್ದಳು. ಮೊದಲಿನಂತೆ ದಾರಿಯಲ್ಲಿ ಮಾತಾಡುತ್ತಿರಲಿಲ್ಲ. ಪಕ್ಕದ ಮಿಷನ್ ಈಗ ಅವಳದೇ.

ಹೊಸ ಸಮವಸ್ತ್ರದ ದಿನಗಳು ಬಂದವು. ಒಂದು ಸಂಜೆ ಅವಳ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ಕಾಲೇಜಿನ ಸಮವಸ್ತ್ರಕ್ಕೆ ಅಳತೆ ಕೊಡಲು ಬಂದಳು. ಮಗಳು ಟೇಪು ಹಿಡಿದು ಅವಳ ಭುಜ, ಎದೆ, ತೋಳು ಅಳೆದು ಒಂದೊಂದಾಗಿ ಹೇಳಿದಳು, ತಾಯಿ ಪುಸ್ತಕದಲ್ಲಿ ಬರೆದುಕೊಂಡಳು. ಬಂದ ಹುಡುಗಿ ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದಳು. ಮಗಳು ಮಾತ್ರ ಸಹಜವಾಗಿದ್ದಳು. ಕತ್ತಿನ ಹತ್ತಿರ ಬಿಗಿ ಬೇಕಾ, ಸಡಿಲ ಬೇಕಾ ಎಂದು ಕೇಳಿದಳು, ಸೋಮವಾರ ಬನ್ನಿ ಎಂದಳು. ಜೊತೆಯಲ್ಲಿ ಓದಿದವಳಿಗೆ ಬಹುವಚನ ಹಾಕಿದ್ದು ತಾಯಿಯ ಕಿವಿಗೆ ಬಿತ್ತು.

ಆ ಅಂಗಿಯನ್ನು ಮಗಳೇ ಹೊಲಿದಳು. ಮುಗಿಸಿ ಪಕ್ಕಕ್ಕಿಟ್ಟು ಮುಖ ತೊಳೆಯಲು ಎದ್ದು ಹೋದಾಗ ತಾಯಿ ಅದನ್ನು ಎತ್ತಿಕೊಂಡಳು. ಬಾಗಿಲ ಬಳಿ ಬೆಳಕಿಗೆ ಹಿಡಿದು, ಕಾಲರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೊಲಿಗೆಯನ್ನು ಒಂದೊಂದಾಗಿ ನೋಡಿದಳು. ಒಂದಾದರೂ ಸೊಟ್ಟಗಿರಲಿ ಎಂದು ಹುಡುಕಿದಳು. ಒಂದೂ ಇರಲಿಲ್ಲ.