ಮುಳುಗಿದ ತೋಟದ ಮೇಲೆ

ಬೇಲೂರಿನ ಆಚೆ ಹೊಳೆಗೆ ಅಣೆಕಟ್ಟು ಕಟ್ಟಿ ಹಿನ್ನೀರು ನಿಂತ ಮೇಲೆ, ದಿಬ್ಬದ ಮೇಲಿದ್ದ ಮರಡಿಕೊಪ್ಪಲು ದ್ವೀಪವಾಯಿತು. ಅಲ್ಲಿನ ಮೂವತ್ತು ಮನೆಯವರು ಶಾಲೆಗಾಗಲಿ, ಸಂತೆಗಾಗಲಿ, ಆಸ್ಪತ್ರೆಗಾಗಲಿ ಹೋಗಬೇಕೆಂದರೆ ದ್ಯಾವಯ್ಯನ ದೋಣಿಯೇ ಗತಿ. ಅದು ಡೀಸೆಲ್ ಎಂಜಿನ್ನಿನ ತಗಡಿನ ದೋಣಿ, ಹನ್ನೆರಡು ಜನಕ್ಕೆ ಸಾಕು.

ದೋಣಿ ಹಿಡಿಯುವ ಮೊದಲು ದ್ಯಾವಯ್ಯ ಇಪ್ಪತ್ತು ವರ್ಷ ಊರಿನ ಗೌಡ ಚನ್ನಪ್ಪನ ಮನೆಯ ತೆಂಗಿನ ತೋಟದಲ್ಲಿ ಆಳಾಗಿದ್ದ. ಆ ತೋಟ ಈಗ ಊರಿಗೂ ಆಚೆ ದಡಕ್ಕೂ ನಡುವೆ ನೀರಿನಡಿ ಇತ್ತು. ನೀರು ಏರಿದ ಮೇಲೆ ತೆಪ್ಪದಲ್ಲಿ ನಿಂತು ಮರ ಕಡಿದಿದ್ದರಿಂದ ಬೊಡ್ಡೆಗಳು ಎರಡಾಳುದ್ದ ಹಾಗೇ ಉಳಿದಿದ್ದವು. ಬೇಸಿಗೆಗೆ ನೀರು ಇಳಿದರೆ ಅವು ನೀರಿನ ಮಟ್ಟಕ್ಕೆ ಗೇಣು ಕೆಳಗೆ ಕಣ್ಣಿಗೆ ಬೀಳದಂತೆ ನಿಂತಿರುತ್ತಿದ್ದವು. ದ್ಯಾವಯ್ಯ ತೋಟವನ್ನು ಸುತ್ತಿ ಬಳಸಿಯೇ ಹೋಗುತ್ತಿದ್ದ.

ಎರಡು ಸಾವಿರದ ಐದನೇ ಇಸವಿಯ ಜೂನ್ ತಿಂಗಳು. ಮಳೆ ಇನ್ನೂ ಹಿಡಿದಿರಲಿಲ್ಲ, ಗಾಳಿ ಮಾತ್ರ ಜೋರಾಗಿತ್ತು. ಬೆಳಗಿನ ದೋಣಿಯಲ್ಲಿ ಹೈಸ್ಕೂಲಿಗೆ ಹೋಗುವ ಏಳು ಮಕ್ಕಳು, ಹಳೇಬೀಡಿನಲ್ಲಿ ಮೇಷ್ಟ್ರ ಕೆಲಸದಲ್ಲಿದ್ದ ದ್ಯಾವಯ್ಯನ ಮಗಳು ಲತಾಮಣಿ, ಮುದುಕಿ ಸಣ್ಣತಾಯಮ್ಮ, ಇನ್ನು ಮೂವರು ಕೂತಾಗಿತ್ತು. ಅಷ್ಟರಲ್ಲಿ ಚನ್ನಪ್ಪ ಬೈಕು ತಳ್ಳಿಕೊಂಡು ಬಂದ.

"ಗೌಡ್ರೆ, ಭರ್ತಿ ಆಗೈತೆ. ಬೈಕು ಮುಂದಿನ ಸಲಕ್ಕೆ ತತ್ತೀನಿ" ಎಂದ ದ್ಯಾವಯ್ಯ.

"ಜಾವಗಲ್ಲಲ್ಲಿ ನಮ್ಮಕ್ಕನ ಮಗಳ ನಿಶ್ಚಿತಾರ್ಥ ಐತೆ ಕಣೋ. ನನ್ನ ತೋಟದ ಮೇಲೆ ದೋಣಿ ಬಿಟ್ಕಂಡು ನನಗೇ ಜಾಗ ಇಲ್ಲ ಅಂತೀಯೇನ್ಲಾ?"

ಲತಾಮಣಿ ಅಪ್ಪನ ಮುಖ ನೋಡಿದಳು. ದ್ಯಾವಯ್ಯ ಅವಳ ಕಡೆ ನೋಡದೆ ಬೈಕಿನ ಮುಂದಿನ ಚಕ್ರಕ್ಕೆ ಕೈ ಕೊಟ್ಟ. ಬೈಕೂ ಹತ್ತಿತು, ಚನ್ನಪ್ಪನೂ ಹತ್ತಿದ.

ಅರ್ಧ ದಾರಿಯಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಹಗ್ಗ ಎಷ್ಟು ಎಳೆದರೂ ಹತ್ತಿಕೊಳ್ಳಲಿಲ್ಲ. ಗಾಳಿ ದೋಣಿಯನ್ನು ತೋಟದ ಕಡೆಗೆ ತಳ್ಳತೊಡಗಿತು. ದ್ಯಾವಯ್ಯ ಬಿದಿರಿನ ಗಳ ಹಿಡಿದು ತಡೆಯಲು ನೋಡಿದ. ಭಾರಕ್ಕೆ ದೋಣಿ ಮಾತು ಕೇಳಲಿಲ್ಲ. ತಳದಲ್ಲಿ ಕರ್ರೆಂದು ಸದ್ದಾಗಿ ದೋಣಿ ಬೊಡ್ಡೆಯೊಂದರ ಮೇಲೆ ಕೂತುಬಿಟ್ಟಿತು. ಬೆಸುಗೆ ಬಿಟ್ಟಲ್ಲಿಂದ ನೀರು ಬುಗ್ಗೆಯಂತೆ ಏಳತೊಡಗಿತು. ಮಕ್ಕಳು ಚೀರಿದರು.

"ಯಾರೂ ಏಳ್ಬೇಡಿ! ಡಬ್ಬಿಲಿ ನೀರು ಎತ್ತಾಕಿ!" ಎಂದು ಲತಾಮಣಿ ಕೂಗಿದಳು. ಊಟದ ಡಬ್ಬಿಗಳಿಂದ ಅನ್ನ ಮುದ್ದೆಯೆಲ್ಲ ನೀರಿಗೆ ಹೋಯಿತು.

"ಗೌಡ್ರೆ, ಬೈಕು ಹೊರಕ್ಕಾಕ್ಬೇಕು" ಎಂದ ದ್ಯಾವಯ್ಯ.

ಚನ್ನಪ್ಪ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದ. ನೀರು ಮಕ್ಕಳ ಪಾದ ದಾಟಿತ್ತು. ಸಣ್ಣತಾಯಮ್ಮ ಅವನ ಮೊಣಕೈ ಮುಟ್ಟಿದಳು. "ಬೈಕು ಇನ್ನೊಂದು ಬತ್ತದೆ ಕಣಪ್ಪ. ಈ ಮಕ್ಳು ಬತ್ತವಾ?"

ಅವನ ಕೈ ಸಡಿಲವಾಯಿತು. ದ್ಯಾವಯ್ಯ ಎಲ್ಲರನ್ನೂ ಒಂದು ಮಗ್ಗುಲಿಗೆ ಒತ್ತರಿಸಿ ಕೂರಿಸಿದ. ಇನ್ನೊಂದು ಮಗ್ಗುಲಿನಿಂದ ಅವನೂ ಚನ್ನಪ್ಪನೂ ಸೇರಿ ಬೈಕನ್ನು ಮೆಲ್ಲಗೆ ಜಾರಿಸಿದರು. ದೋಣಿ ಒಮ್ಮೆ ಭಯಂಕರವಾಗಿ ವಾಲಿತು, ಆಮೇಲೆ ಬೊಡ್ಡೆ ಬಿಟ್ಟು ತೇಲಿತು.

"ದಡದ ಆ ಹುಣಸೆಮರಕ್ಕೆ ನೇರ ನೂಕು!" ಎಂದ ಚನ್ನಪ್ಪ. "ಅದು ಗಾಡಿದಾರಿ, ಮರ ಇಲ್ಲ."

ದ್ಯಾವಯ್ಯ ಗಳವನ್ನು ಎಡಕ್ಕೆ ಊರಿದ. "ಗಾಡಿದಾರೀಲಿ ನಿಮ್ಮಪ್ಪಾರು ಎರಡು ಸಾಲು ಸಸಿ ಹಾಕ್ಸಿದ್ರು. ನೀವಾಗ ಹಾಸನದಲ್ಲಿ ಓದ್ತಿದ್ರಿ. ತೋಟದ ಕಾಲುವೆ ಮೇಲೇ ಹೋಗ್ಬೇಕು, ಅಲ್ಲಿ ಮರ ಇಲ್ಲ."

"ತೋಟ ನಂದು, ನನಗೆ ಗೊತ್ತಿಲ್ವೇನ್ಲಾ?"

"ತೋಟ ನಿಮ್ದೇ. ಗುಂಡಿ ತೋಡಿದ್ದು ನಾನು. ಸುಮ್ಕೆ ಕೂತು ನೀರೆತ್ತಿ."

ಚನ್ನಪ್ಪ ಡಬ್ಬಿ ಹಿಡಿದ.

ಒಂದೊಂದು ಮಾರು ದೂರಕ್ಕೂ ದ್ಯಾವಯ್ಯ ಗಳದಿಂದ ತಡವಿ ನೋಡಿ, ಆಮೇಲೆ ನೂಕುತ್ತಿದ್ದ. ಬಲಕ್ಕೆ ಬೊಡ್ಡೆ ತಾಗಿತು, ಎಡಕ್ಕೂ ತಾಗಿತು, ನಡುವೆ ಬರೀ ನೀರು. ನೀರು ಮೀನಖಂಡದವರೆಗೆ ಏರಿದ್ದಾಗ ದೋಣಿ ದಡದ ಕೆಸರಿಗೆ ಹತ್ತಿತು.

ಲತಾಮಣಿ ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿದಳು. ದ್ಯಾವಯ್ಯ ಕಲ್ಲಿನ ಮೇಲೆ ಕುಸಿದು ಕೂತ.

"ತಪ್ಪು ನಂದೇ. ಹತ್ಬೇಡಿ ಅಂತ ದಡದಲ್ಲೇ ಗಟ್ಟಿಯಾಗಿ ಅನ್ಬೇಕಾಗಿತ್ತು."

ಚನ್ನಪ್ಪ ಒದ್ದೆ ಪಂಚೆ ಹಿಂಡುತ್ತ ತಲೆ ತಗ್ಗಿಸಿದ. "ಅಂದಿದ್ರೂ ನಾನು ಕೇಳ್ತಿರ್ಲಿಲ್ಲ ಬಿಡು" ಎಂದ.

ಆ ಸಂಜೆ ಎಲ್ಲರೂ ತೆಪ್ಪದಲ್ಲಿ ಊರು ಸೇರಿದರು. ಬೆಸುಗೆ ಹಾಕಿಸಿ ದೋಣಿ ಮತ್ತೆ ನೀರಿಗಿಳಿಯಲು ಎಂಟು ದಿನ ಹಿಡಿಯಿತು. ಅಂದು ಬೆಳಿಗ್ಗೆ ಊರೇ ದ್ವೀಪದ ದಡಕ್ಕೆ ಬಂದು ನಿಂತಿತ್ತು. ಹತ್ತಲು ಯಾರಿಗೂ ಧೈರ್ಯ ಬರಲಿಲ್ಲ, ತಾಯಂದಿರು ಮಕ್ಕಳ ಕೈ ಬಿಡಲಿಲ್ಲ. ಸಣ್ಣತಾಯಮ್ಮ ಮಾತ್ರ ಸೀರೆ ಎತ್ತಿ ಕಟ್ಟಿ ದೋಣಿಗೆ ಕಾಲಿಟ್ಟಳು.

"ಕೈ ಕೊಡೋ ದ್ಯಾವ" ಎಂದಳು. "ನಂಗೆ ಆಸ್ಪತ್ರೆಗೆ ಹೊತ್ತಾಯ್ತದೆ."