ಅರ್ಧ ನೂಲು ಎಡಕ್ಕೆ

ತಗಡಿನವನ ಕೈಗೆ ಕಾಗದ ಕೊಟ್ಟು "ಹೀಗೇ ಮಾಡು" ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಮೂವತ್ತು ವರ್ಷದಿಂದ ಬಕೆಟ್ಟು, ಲಾಳಿಕೆ, ಹೊಗೆ ಕೊಳವೆ ಮಾಡಿಕೊಂಡು ಬಂದವನು ನಾನು. ಬೀದಿಯವರು ನನಗೆ ಸಿಡುಕಪ್ಪ ಎಂದು ಹೆಸರಿಟ್ಟಿರುವುದೂ ಗೊತ್ತು, ಇಟ್ಟುಕೊಳ್ಳಲಿ. ಆದರೆ ಆ ದಿನ ಕಾಗದ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದವಳು ನನ್ನ ಅಣ್ಣನ ಮಗಳು. ಆರು ವರ್ಷದ ಮೇಲೆ ಅವಳನ್ನು ನೋಡುತ್ತಿದ್ದೆ. ಬಾಗಿಲ ಮೇಲಿನ ಅಗುಳಿಗೆ ತಲೆ ತಾಗುವಷ್ಟು ಬೆಳೆದಿದ್ದಳು. ಕಣ್ಣು ಮಾತ್ರ ನಮ್ಮಮ್ಮನದೇ.

"ಚಿಕ್ಕಪ್ಪಾ, ಬಯ್ಯಬೇಡ. ಮೊದಲು ಪೂರ್ತಿ ಕೇಳು," ಎಂದಳು.

ಅವಳು ನರ್ಸಿಂಗ್ ಓದುತ್ತಿದ್ದಳು. ಅರ್ಧ ಪಾಠ ಕಾಲೇಜಿನಲ್ಲಿ, ಅರ್ಧ ಲ್ಯಾಪ್‌ಟಾಪಿನಲ್ಲಿ. ಅಣ್ಣನ ಮನೆ ಇರುವುದು ರೈಲ್ವೆ ಗೂಡ್ಸ್ ಯಾರ್ಡಿನ ಆಚೆ, ಗೋದಾಮುಗಳ ಪಕ್ಕದ ತಗ್ಗಿನಲ್ಲಿ. ಅಲ್ಲಿ ಫೋನಿನಲ್ಲಿ ಮಾತು ಹೇಗೋ ಬರುತ್ತದೆ. ಇಂಟರ್ನೆಟ್ ಎಂದರೆ ಸೊನ್ನೆ. ನನ್ನ ಅಂಗಡಿಯ ಮಹಡಿ ಮೇಲೆ ಒಳ್ಳೆಯ ಸಂಪರ್ಕವಿದೆ. ನಮ್ಮ ಮಾಳಿಗೆಯಿಂದ ಅವರ ಮಾಳಿಗೆಗೆ ನೇರವಾಗಿ ಒಂದು ಕಿಲೋಮೀಟರು. ನಡುವೆ ಹಳಿಗಳು ಬಿಟ್ಟರೆ ಬರೀ ಬಯಲು.

"ವೈಫೈ ಪೆಟ್ಟಿಗೆ ಸಿಗ್ನಲನ್ನ ಸುತ್ತಲೂ ಚೆಲ್ಲುತ್ತೆ. ಈ ಚಿತ್ರದಲ್ಲಿರೋ ಡಬ್ಬಿ ಅದನ್ನ ಒಂದೇ ಕಡೆಗೆ ಹಿಡಿದು ಕಳಿಸುತ್ತೆ. ಇಲ್ಲೊಂದು, ಅಲ್ಲೊಂದು. ಎರಡೂ ಒಂದನ್ನೊಂದು ನೋಡ್ತಾ ಇರಬೇಕು, ಅಷ್ಟೇ."

"ನಿಮ್ಮಪ್ಪ ಕಳಿಸಿದ್ನಾ?"

"ಅಪ್ಪನಿಗೆ ಗೊತ್ತೇ ಇಲ್ಲ."

ಅಣ್ಣ ದರ್ಜಿ, ಹೆಂಡತಿಯನ್ನು ಹಿಂದೆಯೇ ಕಳೆದುಕೊಂಡವನು. ಅಮ್ಮ ಕೊನೆಗೆ ಇದ್ದದ್ದು ಅವನ ಮನೆಯಲ್ಲಿ. ಒಂದು ಮಧ್ಯಾಹ್ನ ಫೋನ್ ಮಾಡಿ ಬರಲಾ ಎಂದು ಕೇಳಿದೆ. "ಈಗಷ್ಟೇ ಕಣ್ಣು ಮುಚ್ಚಿದ್ದಾಳೆ, ನಿದ್ದೆ ಕೆಡಿಸಬೇಡ, ನಾಳೆ ಬಾ" ಎಂದ. ಅಮ್ಮನಿಗೆ ಆ ನಾಳೆ ಬರಲೇ ಇಲ್ಲ. ಮಣ್ಣು ಮಾಡಿ ಬಂದ ದಿನ ಹತ್ತು ಜನರ ಎದುರಿಗೆ "ಇನ್ನು ನಿನಗೆ ತಮ್ಮ ಇಲ್ಲ, ನನಗೆ ಅಣ್ಣ ಇಲ್ಲ" ಎಂದೆ. ಅವನು ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡು ನಿಂತಿದ್ದ. ಒಂದು ಮಾತು ತಿರುಗಿ ಬಯ್ದಿದ್ದರೆ ನನ್ನ ಸಿಟ್ಟು ಅಂದೇ ಇಳಿಯುತ್ತಿತ್ತೋ ಏನೋ.

ಹುಡುಗಿಯ ಮುಖ ನೋಡಿ ಒಪ್ಪಿಕೊಂಡೆ. ಹಾಲಿನ ಪುಡಿಯ ಡಬ್ಬಿ, ಬಾಯಿ ಹತ್ತು ಸೆಂಟಿಮೀಟರು. ತಳದಿಂದ ನಲವತ್ತನಾಲ್ಕು ಮಿಲಿಮೀಟರು ಬಿಟ್ಟು ಒಂದು ತೂತು, ಅದರೊಳಗೆ ಮೂವತ್ತೊಂದು ಮಿಲಿಮೀಟರು ಉದ್ದದ ದಪ್ಪ ತಾಮ್ರದ ತಂತಿ ನೆಟ್ಟಗೆ ನಿಲ್ಲಬೇಕು.

"ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದ್ರೂ ಕೆಟ್ಟಿತು, ಚಿಕ್ಕಪ್ಪಾ."

"ನೀನು ಹುಟ್ಟೋಕೆ ಮುಂಚೆಯಿಂದ ತಗಡು ಕತ್ತರಿಸ್ತಿದ್ದೀನಿ. ಬಾಯಿ ಮುಚ್ಕೊಂಡು ಟೀ ಕುಡಿ."

ಎರಡು ದಿನದಲ್ಲಿ ಎರಡು ಡಬ್ಬಿ ಸಿದ್ಧವಾದವು. ಬೆಸುಗೆ ಎಂದರೆ ಬೆಸುಗೆ, ಉಗುರು ಆಡಿಸಿದರೂ ಗಂಟು ಸಿಗದು. ನನ್ನದನ್ನು ನನ್ನ ಮಾಳಿಗೆಯ ಕಂಬಿಗೆ ಬಿಗಿದೆ. ಇನ್ನೊಂದನ್ನು ಅವಳು ಚೀಲದಲ್ಲಿ ಹಾಕಿಕೊಂಡು ಹೋದಳು. ಮಾರನೆಯ ಬೆಳಿಗ್ಗೆ ಫೋನ್ ಮಾಡಿದಳು.

"ಕಂಬಿಗೆ ಕಟ್ಟಾಯ್ತು. ನನಗೆ ಕಾಲೇಜಿಗೆ ಹೊತ್ತಾಯ್ತು, ಅಪ್ಪ ತಿರುಗಿಸ್ತಾನೆ, ತಗೋ."

"ಏಯ್, ಇರೇ..." ಎನ್ನುವಷ್ಟರಲ್ಲಿ ಫೋನು ಕೈ ಬದಲಾಗಿತ್ತು. ಎಂಥ ಖದೀಮಿ ನೋಡಿ! ಆ ಕಡೆಯಿಂದ ಉಸಿರು ಮಾತ್ರ ಕೇಳಿಸುತ್ತಿತ್ತು.

"ಡಬ್ಬಿ ಎಡಕ್ಕೆ ತಿರುಗಿಸಿ," ಎಂದೆ. ಒಡಹುಟ್ಟಿದವನಿಗೆ ಬಹುವಚನ, ಕಚೇರಿ ಗುಮಾಸ್ತನ ಹತ್ತಿರ ಮಾತಾಡಿದ ಹಾಗೆ.

"ಎಷ್ಟು?"

"ಸ್ವಲ್ಪ."

"ಸ್ವಲ್ಪ ಅಂದ್ರೆ? ಅಳತೆ ಹೇಳಬೇಕು."

"ಅರ್ಧ ನೂಲು."

ಒಂದು ನೂಲೆಂದರೆ ಇಂಚಿನ ಎಂಟನೇ ಒಂದು ಪಾಲು. ನಮ್ಮಪ್ಪ ಇಬ್ಬರಿಗೂ ಒಂದೇ ಅಳತೆಕೋಲಿನ ಮೇಲೆ ಕಲಿಸಿದ ಲೆಕ್ಕ. ಡಬ್ಬಿಗೆ ಜೋಡಿಸಿದ ಪೆಟ್ಟಿಗೆಯಲ್ಲಿ ನಾಲ್ಕು ಹಸಿರು ದೀಪಗಳಿದ್ದವು. ಸಿಗ್ನಲ್ ಬಲವಾದಷ್ಟೂ ಹೆಚ್ಚು ದೀಪ ಹತ್ತುತ್ತವೆ. ಅವನು ತಿರುಗಿಸುವುದು, ದೀಪ ಎಣಿಸುವುದು, ನಾನು ಎಡ ಬಲ ಹೇಳುವುದು. ಅರ್ಧ ಗಂಟೆ ಇದೇ ಆಯಿತು.

"ಒಂದು... ಎರಡು. ಹೋಯ್ತು. ಮತ್ತೆ ಎರಡು."

"ಈಗ ಮೂತಿ ಒಂಚೂರು ಮೇಲಕ್ಕೆ."

"ಮೂರು... ನಾಲ್ಕು! ನಾಲ್ಕೂ ಹತ್ತಿತು ಕಣೋ!"

ಆ 'ಕಣೋ' ಅವನ ಬಾಯಿ ತಪ್ಪಿ ಬಂದದ್ದು. ನಾನೇ ಮೊದಲು ಫೋನ್ ಇಟ್ಟೆ.

"ಎಷ್ಟು ದೀಪ ಹತ್ತಿತಂತೆ?" ಹೆಂಡತಿ ಮಾಳಿಗೆ ಮೆಟ್ಟಿಲ ಬುಡದಿಂದ ಕೂಗಿದಳು.

"ನಾಲ್ಕು."

"ಐದನೇದು ನಿಮ್ಮ ಮುಖದಲ್ಲಿ ಕಾಣ್ತಿದೆ," ಎಂದು ನಕ್ಕಳು. ನಾನು ಗುರ್ರೆಂದು ಅಂಗಡಿಗೆ ಇಳಿದೆ.

ಎರಡು ತಿಂಗಳು ಡಬ್ಬಿಗಳು ಕಲ್ಲಿನ ಹಾಗೆ ನಿಂತಿದ್ದವು. ಅಣ್ಣನಿಂದ ಸುದ್ದಿಯಿಲ್ಲ, ನನ್ನಿಂದಲೂ ಇಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು.

"ದೀಪ ಹೋಗಿದೆ."

"ಎಷ್ಟು?"

"ಪೂರ್ತಿ."

ಮತ್ತೆ ಎಡ, ಬಲ, ಅರ್ಧ ನೂಲು. ಕಾಲು ಗಂಟೆಯಲ್ಲಿ ಸರಿಹೋಯಿತು. ಮುಂದಿನ ಭಾನುವಾರ ಮತ್ತೆ ಅದೇ ಹಾಡು. ಅದರ ಮುಂದಿನ ವಾರ ಬುಧವಾರಕ್ಕೇ ಫೋನ್ ಬಂತು. ತಿರುಗಿಸುತ್ತ ತಿರುಗಿಸುತ್ತ ಬೇರೆ ಮಾತೂ ನುಸುಳತೊಡಗಿತು. ಅವನು ಕೆಮ್ಮಿದರೆ ನಾನು "ಡಾಕ್ಟರ ಹತ್ತಿರ ಹೋಗೋಕೆ ಏನು ದಾಡಿ?" ಎನ್ನುತ್ತಿದ್ದೆ. ಬಹುವಚನ ಯಾವಾಗ ಬಿದ್ದುಹೋಯಿತೋ ಗೊತ್ತಾಗಲಿಲ್ಲ. ನನ್ನ ಮಂಡಿನೋವು ಕೇಳುತ್ತಿದ್ದ. ಊಟ ಆಯ್ತಾ ಎನ್ನುತ್ತಿದ್ದ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗಿದೆ ಎಂದು ಒಮ್ಮೆ ಹೇಳಿದ. ಅಮ್ಮನ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ಭಾನುವಾರ ಬೆಳಿಗ್ಗೆ ನಾನು ಫೋನು ಜೇಬಿನಲ್ಲಿಟ್ಟುಕೊಂಡೇ ಸ್ನಾನಕ್ಕೆ ಹೋಗುತ್ತಿದ್ದೆ, ಹೆಂಡತಿ ಕೇಳಿದರೆ ಗಿರಾಕಿ ಫೋನ್ ಬರಬೇಕು ಎನ್ನುತ್ತಿದ್ದೆ.

ಆದರೆ ನನ್ನೊಳಗೆ ಒಬ್ಬ ಕಸುಬುದಾರ ಕೂತಿದ್ದಾನಲ್ಲ, ಅವನಿಗೆ ಸಮಾಧಾನವಿರಲಿಲ್ಲ. ನನ್ನ ಕೈಯಲ್ಲಿ ಆದ ಕೆಲಸ ವಾರಕ್ಕೊಮ್ಮೆ ಅಲ್ಲಾಡುವುದೆಂದರೇನು? ಕಾಗೆಯೋ, ಗಾಳಿಯೋ, ಗೂಡ್ಸ್ ರೈಲಿನ ಅದುರೋ? ಯಾವುದಾದರೂ ಇರಲಿ, ಇದಕ್ಕೊಂದು ಗತಿ ಕಾಣಿಸಲೇಬೇಕು ಎಂದು ವೆಲ್ಡಿಂಗ್ ಸೆಟ್ಟನ್ನು ತಳ್ಳುಗಾಡಿಗೆ ಹಾಕಿಕೊಂಡು ಯಾರ್ಡ್ ಸುತ್ತಿ ಅವನ ಮನೆಗೆ ಹೋದೆ. ಆರು ವರ್ಷ ತುಳಿಯದ ಮೆಟ್ಟಿಲು. ಬಾಗಿಲು ತೆರೆದವನು ನನ್ನನ್ನು ನೋಡಿ ಕುತ್ತಿಗೆಯ ಅಳತೆ ಟೇಪನ್ನು ತೆಗೆದು, ಮತ್ತೆ ಹಾಕಿಕೊಂಡ. ಸೊರಗಿದ್ದ.

"ಎಲ್ಲಿ ಹುಡುಗಿ?"

"ಕಾಲೇಜಿಗೆ ಹೋಗಿದ್ದಾಳೆ. ಟೀ ಇಡ್ತೀನಿ, ಕೂತ್ಕೋ."

"ಮೊದಲು ಕೆಲಸ."

ಮಾಳಿಗೆ ಹತ್ತಿ, ನಾಲ್ಕು ದೀಪ ಹತ್ತಿಸಿ, ಡಬ್ಬಿಯ ಪಟ್ಟಿಯನ್ನು ಕಂಬಿಗೆ ಸೇರಿಸಿ ಸುತ್ತಲೂ ವೆಲ್ಡಿಂಗ್ ಹೊಡೆದೆ. ಅವನು ಟೀ ಲೋಟ ಹಿಡಿದು ಬೆಳಕಿಗೆ ಕಣ್ಣು ಓರೆ ಮಾಡಿಕೊಂಡು ನಿಂತಿದ್ದ.

"ಅಷ್ಟೊಂದು ಗಟ್ಟಿ ಮಾಡಬೇಕಾ? ಬಿಚ್ಚೋಕೆ ಬರೋ ಹಾಗೆ ಇದ್ರೆ ಒಳ್ಳೇದಲ್ವಾ?"

"ಯಾಕೆ ಬಿಚ್ಚಬೇಕು? ಇನ್ನು ಆನೆ ಬಂದು ತಳ್ಳಿದ್ರೂ ಅಲ್ಲಾಡಲ್ಲ. ನನಗೆ ಫೋನ್ ಮಾಡೋ ತೊಂದರೆ ನಿನಗೆ ತಪ್ಪಿತು."

"ಹೌದು, ಹೌದು. ತಪ್ಪಿತು," ಎಂದ.

ಟೀ ಆರಿಹೋಗಿತ್ತು. ನಿಂತೇ ಕುಡಿದು, ಅಂಗಡಿ ತೆರೆದೇ ಬಂದಿದ್ದೇನೆ ಎಂದು ಹೊರಟುಬಿಟ್ಟೆ. ಕೂತ್ಕೋ ಎಂದು ಅವನು ಎರಡು ಸಲ ಹೇಳಿದ್ದ.

ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ನಾನು ಮಾಳಿಗೆ ಹತ್ತಿ ನನ್ನ ಪೆಟ್ಟಿಗೆ ನೋಡುತ್ತಿದ್ದೆ. ನಾಲ್ಕೂ ದೀಪ ನನ್ನನ್ನು ಅಣಕಿಸುತ್ತಿದ್ದವು. ನಾನೇ ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಿ ಏನು ಹೇಳಲಿ? ಎಡಕ್ಕೋ ಬಲಕ್ಕೋ ಎನ್ನುವುದು ಬಿಟ್ಟು ನಮಗೆ ಮಾತು ಶುರುಮಾಡಲು ಬರುತ್ತಿರಲಿಲ್ಲ. "ಒಂದು ಸಲ ಹೋಗಿ ಬನ್ರೀ, ಯಾರ್ಡೇನು ಸಮುದ್ರವಾ?" ಎಂದಳು ಹೆಂಡತಿ. ಅವಳ ಮೇಲೂ ಹರಿಹಾಯ್ದೆ.

ಐದನೇ ಭಾನುವಾರ ತಡೆಯಲಾಗಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು ಮಾಳಿಗೆಗೆ ಹೋಗಿ, ನನ್ನ ಡಬ್ಬಿಯ ನಟ್ಟು ಸಡಿಲಿಸಿ, ಅದರ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟೆ. ನಾಲ್ಕೂ ದೀಪ ಆರಿದವು. ಐವತ್ತಾರು ವರ್ಷದವನು ನಾನು. ಕಳ್ಳನ ಹಾಗೆ ಅತ್ತಿತ್ತ ನೋಡಿ ಸ್ಪ್ಯಾನರನ್ನು ಜೇಬಿಗೆ ಸೇರಿಸಿದೆ. ಈಗ ಅವನಿಗೂ ದೀಪ ಹೋಗಿರುತ್ತದೆ, ಫೋನ್ ಮಾಡಲೇಬೇಕು ಎಂದುಕೊಂಡು ಕಟ್ಟೆಯ ಮೇಲೆ ಕೂತೆ.

ಅಂದು ಫೋನ್ ಬರಲಿಲ್ಲ. ಸೋಮವಾರ ಬರಲಿಲ್ಲ. ಮಂಗಳವಾರ ಗಿರಾಕಿಯೊಬ್ಬನ ಬಕೆಟ್ಟನ್ನು ಎರಡು ಸಲ ತಪ್ಪಾಗಿ ಕತ್ತರಿಸಿದೆ. ಬುಧವಾರದ ಹೊತ್ತಿಗೆ ಹಳೆಯ ಸಿಟ್ಟೆಲ್ಲ ಹೆಡೆಯೆತ್ತಿತ್ತು. ಎಷ್ಟು ಸೊಕ್ಕು! ದೀಪ ಆರಿದರೂ ತಮ್ಮನಿಗೆ ಒಂದು ಫೋನ್ ಮಾಡಲು ಕೈ ಬರುವುದಿಲ್ಲವೇ? ಹಾಳಾಗಿ ಹೋಗಲಿ ಎಂದು ಬಾಯಿಬಿಟ್ಟೇ ಅಂದೆ. ಆ ಮಾತು ಅಂದ ನಾಲಿಗೆಯನ್ನು ಕತ್ತರಿಸಿ ಬಿಸಾಡಬೇಕು ಅನ್ನಿಸುತ್ತದೆ ಈಗ.

ಶುಕ್ರವಾರ ಬೆಳಿಗ್ಗೆ ಫೋನ್ ಬಂತು. ಹುಡುಗಿ. ಅಳುತ್ತಿದ್ದಳು. ಪ್ಯಾಂಟು ತೆಗೆದುಕೊಳ್ಳಲು ಬಂದ ಪಕ್ಕದ ಮನೆಯವರು ನೋಡಿದಾಗ, ಅಣ್ಣ ಹೊಲಿಗೆ ಮಿಷಿನ್ನಿನ ಮೇಲೆ ತಲೆಯಿಟ್ಟು ಮಲಗಿದ್ದನಂತೆ. ಎಬ್ಬಿಸಿದರೆ ಏಳಲಿಲ್ಲವಂತೆ. ನಾನು ಯಾರ್ಡ್ ಸುತ್ತಿ ಹೋಗಲಿಲ್ಲ, ಹಳಿಗಳ ಮೇಲೇ ಓಡಿದೆ. ಕಾವಲುಗಾರ ಹಿಂದಿನಿಂದ ಬಯ್ಯುತ್ತಲೇ ಇದ್ದ.

ಎಲ್ಲ ಮುಗಿಸಿ ಬಂದ ಸಂಜೆ ಹುಡುಗಿ ಮಿಷಿನ್ನಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಹೆಂಡತಿ ಒಳಗೆ ಅನ್ನಕ್ಕಿಡುತ್ತಿದ್ದಳು. ಏನಾದರೂ ಹೇಳಬೇಕಲ್ಲ ಎಂದು, "ಬೆಳಿಗ್ಗೆ ನೀನು ಎಲ್ಲಿದ್ದೆ, ಮಗಳೇ?" ಎಂದೆ.

"ಹಾಸ್ಟೆಲಲ್ಲಿ."

"ಯಾವ ಹಾಸ್ಟೆಲ್ಲು?"

ಅವಳು ತಲೆಯೆತ್ತಿ ನೋಡಿದಳು. "ಅಪ್ಪ ಹೇಳಲಿಲ್ವಾ? ನಾನು ಇಲ್ಲಿಂದ ಹೋಗಿ ಐದು ತಿಂಗಳಾಯ್ತು, ಚಿಕ್ಕಪ್ಪಾ. ಡಬ್ಬಿ ಹಾಕಿದ ಎರಡೇ ತಿಂಗಳಿಗೆ ಸೀಟು ಸಿಕ್ತು. ಚಿಕ್ಕಪ್ಪನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದಿದ್ದ."

"ಲ್ಯಾಪ್‌ಟಾಪು?"

"ನನ್ನ ಹತ್ತಿರಾನೇ ಇದೆ. ಅಪ್ಪನ ಫೋನು ಬಟನ್ನಿಂದು."

ಐದು ತಿಂಗಳು ಆ ಮನೆಯಲ್ಲಿ ಸಿಗ್ನಲ್ ಬೇಕಾದವರು ಯಾರೂ ಇರಲಿಲ್ಲ. ದೀಪ ಹೋಗಿದೆ ಎಂದು ವಾರವಾರ ಫೋನ್ ಮಾಡಿದವನು ತನ್ನ ಕೈಯಾರೆ ಡಬ್ಬಿ ತಿರುಗಿಸಿ ಬಂದು ಫೋನ್ ಮಾಡುತ್ತಿದ್ದ. ಅದನ್ನೇ ನಾನು ವೆಲ್ಡಿಂಗ್ ಮಾಡಿ ಬಂದಿದ್ದೆ. ಅವನ ಕಣ್ಣೆದುರಿಗೇ, ಟೀ ಕುಡಿಯಲು ಕೂಡ ಕೂರದೆ.

"ಮೊನ್ನೆ ಫೋನಲ್ಲಿ ತುಂಬ ಬೇಜಾರಲ್ಲಿದ್ದ," ಎಂದಳು ಅವಳು. "ಚಿಕ್ಕಪ್ಪ ಸಿಗ್ನಲ್ ನಿಲ್ಲಿಸಿದ್ದಾನೆ ಅಂದ. ಗಾಳಿಗೆ ತಿರುಗಿರಬೇಕು, ಫೋನ್ ಮಾಡಿ ಕೇಳಪ್ಪಾ ಅಂದೆ. ಇಲ್ಲ, ಈ ಡಬ್ಬಿ ಅಲ್ಲಾಡೋಕೆ ಸಾಧ್ಯನೇ ಇಲ್ಲ, ಅವನೇ ಬೇಕಂತ ನಿಲ್ಲಿಸಿರೋದು ಅಂದ. ಇಲ್ಲಿ ಯಾರೂ ಉಪಯೋಗಿಸ್ತಿಲ್ಲ ಅಂತ ಅವನ ಮಿಷಿನ್ನಲ್ಲಿ ಗೊತ್ತಾಗಿರುತ್ತೆ, ನನ್ನ ಸುಳ್ಳು ಸಿಕ್ಕಿಬಿತ್ತು, ಈಗ ಯಾವ ಮುಖ ಇಟ್ಕೊಂಡು ಫೋನ್ ಮಾಡಲಿ ಅಂದ. ನೀನೇ ನಿಲ್ಲಿಸಿದ್ದಾ, ಚಿಕ್ಕಪ್ಪಾ?"

ಸುಳ್ಳು ಹೇಳಬಹುದಿತ್ತು. ಕರೆಂಟು ಹೋಗಿತ್ತು ಎಂದರೆ ಅವಳು ನಂಬುತ್ತಿದ್ದಳು. ಒಳಗೆ ಹೆಂಡತಿಯ ಪಾತ್ರೆ ಸದ್ದು ನಿಂತಿತ್ತು.

"ನಾನೇ ತಿರುಗಿಸಿದೆ," ಎಂದೆ. "ಅವನು ಫೋನ್ ಮಾಡ್ಲಿ ಅಂತ ತಿರುಗಿಸಿದೆ ಕಣಮ್ಮಾ. ಅವನು ಮಾತಾಡ್ಲಿ ಅಂತ."

ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಆರು ವರ್ಷದಲ್ಲಿ ಅಳದಿದ್ದುದನ್ನೆಲ್ಲ ಆ ನೆಲದ ಮೇಲೆ ಕೂತು ಅತ್ತೆ. ಅಣ್ಣನ ನಂಬರು ನನ್ನ ಜೇಬಿನ ಫೋನಿನಲ್ಲೇ ಇತ್ತು, ಒತ್ತಿದ್ದರೆ ಅವನು ಎತ್ತುತ್ತಿದ್ದ.